ಕೈ ಹೋಗದ ಕ್ಯಾನು

ನೀರಿಗೆ ಹೋಗುವುದೆಂದರೆ ನಮ್ಮ ಬಸವಾಪಟ್ಟಣದಲ್ಲಿ ಒಂದು ಕಾಲಕ್ಕೆ ಕೊಡ, ಹಗ್ಗ, ತಲೆಗೊಂದು ಸಿಂಬಿ ಬೇಕಿತ್ತು. ಈಗ ಒಂದು ನಾಣ್ಯ, ಒಂದು ಇಪ್ಪತ್ತು ಲೀಟರಿನ ಕ್ಯಾನು, ಮನೆಯಲ್ಲಿ ಸ್ಕೂಟರ್ ಓಡಿಸುವವರೊಬ್ಬರು ಇದ್ದರೆ ಆಯಿತು.

ನೀರಿನ ಮಟ್ಟಿಗೆ ನಮ್ಮ ಸೀಮೆ ಬಡತನದ್ದಲ್ಲ. ಹತ್ತಿರದಲ್ಲೇ ಸೂಳೆಕೆರೆ ಇದೆ. ಅದನ್ನು ರಾಜಕುಮಾರಿ ಶಾಂತವ್ವ ಕಟ್ಟಿಸಿದಳೆಂಬುದು ಐತಿಹ್ಯ. ಸಂತೇಬೆನ್ನೂರಿನ ಪುಷ್ಕರಣಿ ಕೆಂಗ ಹನುಮಪ್ಪ ನಾಯಕನ ಕಾಲದ್ದು. ಇತಿಹಾಸದ ಪಾಠದಲ್ಲಿ ನಾವು ಕಟ್ಟಿಸಿದವರ ಹೆಸರು ಹೇಳಿ ಮುಂದಕ್ಕೆ ಹೋಗುತ್ತೇವೆ. ಆ ನೀರನ್ನು ಹೊತ್ತವರು, ಸೋಸಿದವರು, ಕೊಡ ಬೆಳಗಿದವರು ಪಠ್ಯಪುಸ್ತಕದಲ್ಲಿ ಬರುವುದಿಲ್ಲ. ನಾನೂ ಎಷ್ಟೋ ವರ್ಷ ಹಾಗೆಯೇ ಪಾಠ ಮಾಡಿದವಳು.

ನಮ್ಮವ್ವ ದಿನಾ ಬೆಳಗ್ಗೆ ಹುಣಸೆಹಣ್ಣು, ಬೂದಿ ಹಚ್ಚಿ ತಾಮ್ರದ ಕೊಡ ತಿಕ್ಕುತ್ತಿದ್ದಳು. ಹಿಂದಿನ ದಿನದ ನೀರು ಒಂದು ತಂಬಿಗೆ ಉಳಿದಿದ್ದರೂ ಗಿಡಕ್ಕೆ ಚೆಲ್ಲಿಯೇ ಹೊಸ ನೀರು. ಬಿಳಿ ಬಟ್ಟೆಯನ್ನು ಮಡಿಚಿ ಕೊಡದ ಬಾಯಿಗೆ ಕಟ್ಟಿ ಸೋಸುವಳು. ನಾವು ಮಕ್ಕಳು ಕೊಡದೊಳಗೆ ಕೈ ಅದ್ದಿದರೆ ಬೆನ್ನಿಗೆ ಬೀಳುತ್ತಿತ್ತು. ಕಾಲೇಜು ಮೆಟ್ಟಿಲು ಹತ್ತಿದ ಮೇಲೆ ನಾನು ಇದನ್ನೆಲ್ಲ ಮಡಿಯ ಹುಚ್ಚು ಎಂದು ನಕ್ಕಿದ್ದುಂಟು. ಆದರೆ ನಮ್ಮ ರಾಜ್ಯದ ಉತ್ತರದ ಜಿಲ್ಲೆಗಳಲ್ಲಿ ಮೆಟ್ಟಿಲು ಬಾವಿಯ ನೀರು ಕುಡಿದವರ ಕಾಲಿನಿಂದ ಗೇಣುಗಟ್ಟಲೆ ಹುಳು ಹೊರಬರುತ್ತಿದ್ದ ನಾರುಹುಣ್ಣಿನ ರೋಗವನ್ನು ಓಡಿಸಿದ ಉಪಾಯಗಳಲ್ಲಿ ಇದೇ ಸೋಸುವ ಬಟ್ಟೆಯೂ ಒಂದು. 2000ದಲ್ಲಿ ಭಾರತ ಆ ರೋಗದಿಂದ ಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ತಾಮ್ರದ ಪಾತ್ರೆಯಲ್ಲಿ ಹದಿನಾರು ಗಂಟೆ ಇಟ್ಟ ನೀರಿನಲ್ಲಿ ಭೇದಿ ತರುವ ಬ್ಯಾಕ್ಟೀರಿಯಾ ಸಾಯುತ್ತವೆಂದು ನಮ್ಮ ದೇಶದ ವಿಜ್ಞಾನಿಗಳು 2012ರಲ್ಲಿ ಪ್ರಕಟಿಸಿದರು. ಅವ್ವನಿಗೆ ಇದಾವುದೂ ಗೊತ್ತಿರಲಿಲ್ಲ, ನನ್ನ ನಗು ಮಾತ್ರ ಗೊತ್ತಿತ್ತು.

ಆಮೇಲೆ ಕೊಳವೆಬಾವಿ ಬಂತು. ಆಳಕ್ಕೆ ಹೋದಷ್ಟೂ ಕೆಲವು ಕಡೆ ನೀರಿನಲ್ಲಿ ಫ್ಲೋರೈಡ್ ಸಿಕ್ಕಿತು. ನಮ್ಮ ಜಿಲ್ಲೆಯ ಜಗಳೂರಿನ ಕಡೆಯ ಮಕ್ಕಳ ಕಂದುಹಲ್ಲು ಕಂಡವರಿಗೆ ಅದನ್ನು ವಿವರಿಸಬೇಕಿಲ್ಲ. ಅದಕ್ಕೆಂದೇ ಸರ್ಕಾರ ಊರೂರಿಗೆ ಶುದ್ಧ ನೀರಿನ ಘಟಕ ಹಾಕಿತು. ಫ್ಲೋರೈಡ್ ಇದ್ದ ಊರುಗಳಿಗೆ ಅದು ದೊಡ್ಡ ಉಪಕಾರವೇ. ನಾನು ಯಂತ್ರವನ್ನು ಹಳಿಯಲು ಹೊರಟವಳಲ್ಲ.

2023ರ ಆಗಸ್ಟಿನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ನೂರಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು, ಕೆಲವರು ತೀರಿಹೋದರು. ಆ ವಾರ ತರಗತಿಯಲ್ಲಿ ನಾನು, "ನಮ್ಮ ಮನೇಲಿ ಫಿಲ್ಟರ್ ನೀರು, ಭಯವಿಲ್ಲ" ಎಂದುಬಿಟ್ಟೆ. ವಿಜ್ಞಾನದ ಮೇಡಂ ಸುಮ್ಮನಿರಲಿಲ್ಲ. ನೀರು ಪರೀಕ್ಷಿಸುವ ಪುಟ್ಟ ಸೀಸೆಗಳನ್ನು ತಂದರು. ಗ್ವಾಲಿಯರಿನ ರಕ್ಷಣಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 1982ರಲ್ಲಿ ಪ್ರಕಟಿಸಿದ ಸರಳ ವಿಧಾನವದು. ನೀರು ತುಂಬಿ ಒಂದೆರಡು ದಿನ ಬೆಚ್ಚಗಿಟ್ಟಾಗ ಕಪ್ಪಾದರೆ ಮಲದ ಸೋಂಕು ಇರಬಹುದೆಂದು ಅರ್ಥ. ಒಂದಕ್ಕೆ ಘಟಕದ ನಲ್ಲಿಯ ನೀರು, ಇನ್ನೊಂದಕ್ಕೆ ನಮ್ಮ ಮನೆಯ ಕ್ಯಾನಿನದು.

ಮರುದಿನ ನಲ್ಲಿಯ ಸೀಸೆ ಹಾಗೇ ಇತ್ತು. ನನ್ನದು ಕಾಡಿಗೆಯಂತೆ ಕಪ್ಪಾಗಿತ್ತು. ನಲವತ್ತು ಮಕ್ಕಳು ನನ್ನ ಮುಖವನ್ನೇ ನೋಡುತ್ತಿದ್ದರು.

ಮೇಡಂ ಬಿಡಿಸಿ ಹೇಳಿದರು. ಯಂತ್ರದ ಪೊರೆ ಫ್ಲೋರೈಡನ್ನೂ ರೋಗಾಣುಗಳನ್ನೂ ತಡೆಯುತ್ತದೆ. ಆದರೆ ಆ ಪೊರೆ ಹಾಳಾಗದಿರಲೆಂದು ನೀರಿನಲ್ಲಿದ್ದ ಕ್ಲೋರಿನ್ನನ್ನು ಮೊದಲೇ ತೆಗೆದಿರುತ್ತಾರೆ. ಹಾಗಾಗಿ ಹೊರಬಂದ ನೀರಿಗೆ ಮುಂದೆ ಕಾವಲಿಲ್ಲ. ನೇರಳಾತೀತ ದೀಪವಿದ್ದರೂ ಅದು ತನ್ನ ಎದುರು ಹಾಯುವ ನೀರಿಗಷ್ಟೇ. ಆಮೇಲೆ ಸೇರಿದ ಕೊಳೆಗೆ ಅದೇನೂ ಮಾಡದು. ಟ್ಯಾಂಕು, ಕೊಳವೆ, ನಲ್ಲಿಯ ಮೂತಿ, ಕ್ಯಾನು, ಎಲ್ಲಿ ನೀರು ನಿಂತರೂ ಒಳಗೋಡೆಗೆ ಲೋಳೆಯ ಪದರ ಕೂಡುತ್ತದೆ. ಕಚೇರಿಗಳಲ್ಲಿ ದೊಡ್ಡ ಬಾಟಲಿಯನ್ನು ಬೋರಲು ಕೂರಿಸಿದ ತಣ್ಣೀರಿನ ಯಂತ್ರಗಳದ್ದೂ ಇದೇ ಕಥೆ. ನಾವೋ ಕ್ಯಾನಿನ ತಳದಲ್ಲಿ ಉಳಿದ ನೀರಿನ ಮೇಲೆಯೇ ಹೊಸದನ್ನು ಹಿಡಿದು ತರುತ್ತಿದ್ದೆವು. ಮನೆಯಲ್ಲಿ ಯಾರ ಕೈಯ ಲೋಟ ಬೇಕಾದರೂ ಅದರ ಬಾಯಿಗೆ ತಾಗುತ್ತಿತ್ತು.

ಸಂಜೆ ಎಂಬತ್ತು ದಾಟಿದ ಅವ್ವನಿಗೆ ಹೇಳಿದೆ. ಅವಳು ಬ್ಯಾಕ್ಟೀರಿಯಾದ ಮಾತು ಎತ್ತಲಿಲ್ಲ.

"ಅದರೊಳಗೆ ಕೈ ಹೋಗುತ್ತೇನೇ?"

"ಇಲ್ಲವ್ವ, ಬಾಯಿ ಸಣ್ಣದು."

"ಮತ್ತೆ ಇಷ್ಟು ದಿನ ಹೆಂಗೆ ತಿಕ್ಕಿದೆ?"

ತಿಕ್ಕಿರಲಿಲ್ಲ. ಹೊರಗಡೆ ಮಾತ್ರ ಸೋಪು ಹಚ್ಚಿ ಹೊಳೆಯುವಂತೆ ಇಟ್ಟಿದ್ದೆ. ಮರುದಿನವೇ ಉದ್ದ ಹಿಡಿಯ ಬ್ರಷ್ ತಂದೆ. ತಿಕ್ಕಿ, ತೆಳುವಾದ ಬ್ಲೀಚಿಂಗ್ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಚೆನ್ನಾಗಿ ತೊಳೆದು, ಬೋರಲು ಹಾಕಿ ಒಣಗಿಸಿದ ಮೇಲೆ ಮತ್ತೊಂದು ಸೀಸೆ ಇಟ್ಟೆವು, ಅದು ಕಪ್ಪಾಗಲಿಲ್ಲ. ಅಷ್ಟರಲ್ಲಿ ಬೀದಿಗೆಲ್ಲ ಸುದ್ದಿ ಹೋಗಿ, ಎದುರುಮನೆಯಾಕೆ ಸೆರಗಿನ ಮರೆಯಲ್ಲಿ ಒಂದು ಲೋಟ ನೀರು ತಂದು, "ಟೀಚರ್, ನಮ್ಮದನ್ನೂ ನೋಡ್ತೀರಾ? ಆದರೆ ಮಕ್ಕಳ ಮುಂದೆ ಬೇಡ" ಎಂದರು.