ಮೇಜಿನ ಗಣಕಕ್ಕೆ ಸ್ಪರ್ಶಪರದೆ: ಕೊಳ್ಳುವ ಮುನ್ನ ತಿಳಿಯಬೇಕಾದದ್ದು

ಬ್ಯಾಂಕಿನ ಎಟಿಎಂ, ರೈಲು ನಿಲ್ದಾಣದ ಟಿಕೆಟ್ ಯಂತ್ರ, ಉಪಾಹಾರ ಗೃಹದ ಬಿಲ್ ಕೌಂಟರ್, ಜೇಬಿನಲ್ಲಿರುವ ಮೊಬೈಲ್ - ಎಲ್ಲವೂ ಬೆರಳಿನ ಸ್ಪರ್ಶಕ್ಕೆ ಓಗೊಡುತ್ತವೆ. ಮನೆಯ ಮೇಜಿನ ಮೇಲಿನ ಗಣಕಯಂತ್ರ ಮಾತ್ರ ಇಂದಿಗೂ ಕೀಲಿಮಣೆ ಮತ್ತು ಮೌಸ್‌ಗಳನ್ನೇ ನೆಚ್ಚಿಕೊಂಡಿದೆ. ಸ್ಪರ್ಶಸಂವೇದಿ ಪರದೆಯ ಮಾನಿಟರ್ ತಂದು ಜೋಡಿಸಿದರೆ ಈ ಕೊರತೆ ನೀಗುತ್ತದೆ ಎಂದು ಹಲವರು ಭಾವಿಸುವುದು ಸಹಜ. ಜೋಡಿಸುವುದೇನೂ ಕಷ್ಟವಲ್ಲ. ಆದರೆ ಸಾಮಾನ್ಯ ಮಾನಿಟರಿಗಿಂತ ಹೆಚ್ಚು ಹಣ ತೆತ್ತು ತಂದ ಪರದೆ ಕೆಲವೇ ದಿನಗಳಲ್ಲಿ ಯಾರೂ ಮುಟ್ಟದ ಬರಿಯ ಪರದೆಯಾಗಿ ಉಳಿದುಬಿಡುವುದೂ ಉಂಟು. ಅದಕ್ಕೆ ಕಾರಣವಿರುವುದು ಯಂತ್ರದಲ್ಲಲ್ಲ, ಮನುಷ್ಯನ ತೋಳಿನಲ್ಲಿ.

ಈ ತಂತ್ರಜ್ಞಾನ ಹೊಸದೇನಲ್ಲ. ಇಂಗ್ಲೆಂಡಿನ ಮಾಲ್ವರ್ನ್‌ನಲ್ಲಿದ್ದ ರಾಯಲ್ ರೇಡಾರ್ ಎಸ್ಟಾಬ್ಲಿಷ್‌ಮೆಂಟ್‌ನ ಇ.ಎ. ಜಾನ್ಸನ್ ಅವರು ಬೆರಳಿನಿಂದ ಮುಟ್ಟಿ ಬಳಸುವ ಪರದೆಯನ್ನು ಕುರಿತು ಬರೆದದ್ದು 1965ರಲ್ಲಿ. ವಿಮಾನ ಸಂಚಾರ ನಿಯಂತ್ರಣಕ್ಕೆ ಅದು ನೆರವಾಗಬೇಕೆಂಬುದು ಅವರ ಉದ್ದೇಶವಾಗಿತ್ತು. ಎಚ್‌ಪಿ ಕಂಪನಿ 1983ರಲ್ಲಿ ಎಚ್‌ಪಿ-150 ಎಂಬ ಮೇಜಿನ ಗಣಕವನ್ನು ಸ್ಪರ್ಶಪರದೆಯೊಡನೆಯೇ ಮಾರುಕಟ್ಟೆಗೆ ತಂದಿತು. ಅದರ ಪರದೆಯ ಸುತ್ತ ಸಣ್ಣ ರಂಧ್ರಗಳಿದ್ದು, ಅವುಗಳಿಂದ ಹೊಮ್ಮುವ ಅವಗೆಂಪು ಕಿರಣಗಳಿಗೆ ಬೆರಳು ಅಡ್ಡ ಬಂದಾಗ ಗಣಕ ಅದರ ಸ್ಥಾನವನ್ನು ಗುರುತಿಸುತ್ತಿತ್ತು. ಆ ರಂಧ್ರಗಳಲ್ಲಿ ಧೂಳು ಕೂರುತ್ತಿತ್ತೆಂಬುದು ಬೇರೆ ಮಾತು. ದೊಡ್ಡ ತೊಡಕೆಂದರೆ ಎದುರಿಗೆ ನೇರವಾಗಿ ನಿಂತ ಪರದೆಯ ಮೇಲೆ ಕೈಯನ್ನು ಎತ್ತಿ ಹಿಡಿಯಬೇಕಾದ ಶ್ರಮ. ಆಧಾರವಿಲ್ಲದೆ ಚಾಚಿದ ತೋಳು ಕೆಲವೇ ನಿಮಿಷಗಳಲ್ಲಿ ಸೋಲುತ್ತದೆ. ತಂತ್ರಜ್ಞರು ಇದಕ್ಕೆ 'ಗೊರಿಲ್ಲಾ ತೋಳು' ಎಂದೇ ಹೆಸರಿಟ್ಟಿದ್ದಾರೆ. ಮೈಕ್ರೋಸಾಫ್ಟ್ 2012ರಲ್ಲಿ ವಿಂಡೋಸ್ 8 ಅನ್ನು ಸ್ಪರ್ಶಕ್ಕೆಂದೇ ರೂಪಿಸಿ, ಬಳಕೆದಾರರಿಗೆ ರೂಢಿಯಾಗಿದ್ದ ಸ್ಟಾರ್ಟ್ ಗುಂಡಿಯನ್ನೇ ತೆಗೆದುಹಾಕಿದಾಗಲೂ ಮೇಜಿನ ಗಣಕದವರು ಒಪ್ಪಲಿಲ್ಲ. ಮರುವರ್ಷವೇ 8.1ರಲ್ಲಿ ಆ ಗುಂಡಿ ಹಿಂದಿರುಗಿತು.

ಆದ್ದರಿಂದ ಮಾನಿಟರನ್ನು ಆರಿಸುವಾಗ ಮೊದಲು ನೋಡಬೇಕಾದದ್ದು ಅದರ ಅಗಲವನ್ನಲ್ಲ, ಅದರ ನಿಲುವನ್ನು, ಅಂದರೆ ಸ್ಟ್ಯಾಂಡನ್ನು. ಪರದೆಯನ್ನು ಹಿಂದಕ್ಕೆ ಚೆನ್ನಾಗಿ ಬಾಗಿಸಿ, ಕೆಳಕ್ಕೆ ಇಳಿಸಿ, ಬರೆಯುವ ಮಣೆಯಂತೆ ಓರೆಯಾಗಿ ನಿಲ್ಲಿಸಲು ಸಾಧ್ಯವಿರಬೇಕು. ಆಗ ಮೊಣಕೈ ಮೇಜಿನ ಮೇಲೆ ಊರಿರುತ್ತದೆ. ಒತ್ತಿದಾಗ ಅಲುಗಾಡುವ ತೆಳು ನಿಲುವು ಕಣ್ಣಿಗೂ ಬೆರಳಿಗೂ ಕಿರಿಕಿರಿ.

ಪರದೆಯ ಬಗೆಗಳಲ್ಲಿಯೂ ವ್ಯತ್ಯಾಸವಿದೆ. ಒತ್ತಡದಿಂದ ಕೆಲಸ ಮಾಡುವ ರೆಸಿಸ್ಟಿವ್ ಪರದೆಯಲ್ಲಿ ಎರಡು ಪದರಗಳಿದ್ದು, ಒತ್ತಿದ ಜಾಗದಲ್ಲಿ ಅವು ಒಂದನ್ನೊಂದು ಮುಟ್ಟುತ್ತವೆ. ಕೈಗವಸು ತೊಟ್ಟ ಬೆರಳಾಗಲಿ, ಪೆನ್ನಿನ ಹಿಂಬದಿಯಾಗಲಿ ಅದಕ್ಕೆ ಒಂದೇ. ಮೊಬೈಲ್‌ಗಳಲ್ಲಿರುವ ಕೆಪಾಸಿಟಿವ್ ಪರದೆ ಬೆರಳಿನ ವಿದ್ಯುತ್ ಗುಣವನ್ನು ಗ್ರಹಿಸುತ್ತದೆ. ಹಗುರವಾಗಿ ತಾಕಿದರೂ ಸಾಕು, ಹಲವು ಬೆರಳುಗಳನ್ನು ಏಕಕಾಲಕ್ಕೆ ಗುರುತಿಸುತ್ತದೆ. ಆದರೆ ಸಾಮಾನ್ಯ ಕೈಗವಸಿಗೆ ಜಗ್ಗುವುದಿಲ್ಲ, ಒದ್ದೆ ಕೈಗೆ ತಬ್ಬಿಬ್ಬಾಗುತ್ತದೆ. ಮನೆ ಮತ್ತು ಕಚೇರಿಗೆ ಎರಡನೆಯದೇ ಸೂಕ್ತ.

ಜೋಡಣೆಯಲ್ಲಿ ಬಹುತೇಕರು ಎಡವುವುದು ಒಂದೇ ಕಡೆ. ಎಚ್‌ಡಿಎಂಐ ಅಥವಾ ಡಿಸ್‌ಪ್ಲೇಪೋರ್ಟ್ ತಂತಿ ಚಿತ್ರವನ್ನು ಗಣಕದಿಂದ ಪರದೆಗೆ ಒಯ್ಯುತ್ತದೆಯೇ ಹೊರತು ಸ್ಪರ್ಶವನ್ನು ಪರದೆಯಿಂದ ಗಣಕಕ್ಕೆ ತರುವುದಿಲ್ಲ. ಅದಕ್ಕೆ ಯುಎಸ್‌ಬಿ ತಂತಿ ಪ್ರತ್ಯೇಕವಾಗಿ ಬೇಕು. ಇದನ್ನರಿಯದೆ ಪರದೆಯೇ ಕೆಟ್ಟಿದೆಯೆಂದು ಅಂಗಡಿಗೆ ಹೊತ್ತೊಯ್ದರೆ ವೃಥಾ ಓಡಾಟ. ಯುಎಸ್‌ಬಿ-ಸಿ ಇರುವ ಮಾನಿಟರುಗಳಲ್ಲಿ ಒಂದೇ ತಂತಿ ಎರಡೂ ಕೆಲಸ ಮಾಡಬಲ್ಲದು. ಆದರೆ ಗಣಕದ ಆ ಕಿಂಡಿಯೂ ಚಿತ್ರವನ್ನು ಸಾಗಿಸುವಂಥದ್ದಾಗಿರಬೇಕು. ಎಷ್ಟೋ ಮೇಜಿನ ಗಣಕಗಳಲ್ಲಿ ಅದು ಮಾಹಿತಿಗಷ್ಟೇ ಸೀಮಿತ.

ವಿಂಡೋಸ್ 7ರಿಂದ (2009) ಈಚೆಗೆ ಬಹುಬೆರಳಿನ ಸ್ಪರ್ಶಕ್ಕೆ ಕಾರ್ಯಾಚರಣ ವ್ಯವಸ್ಥೆಯಲ್ಲೇ ಬೆಂಬಲವಿರುವುದರಿಂದ ಸಾಮಾನ್ಯವಾಗಿ ಬೇರೆ ತಂತ್ರಾಂಶ ಹಾಕಬೇಕಿಲ್ಲ. ಮ್ಯಾಕ್ ಗಣಕವುಳ್ಳವರು ಮಾತ್ರ ಮಾನಿಟರ್ ತಯಾರಕರಿಂದ ಚಾಲಕ ತಂತ್ರಾಂಶ ದೊರೆಯುವುದೇ ಎಂದು ಮೊದಲೇ ವಿಚಾರಿಸಿಕೊಳ್ಳುವುದು ಲೇಸು. ಎರಡು ಮಾನಿಟರುಗಳಿರುವಲ್ಲಿ ಒಂದನ್ನು ಮುಟ್ಟಿದರೆ ಇನ್ನೊಂದರಲ್ಲಿ ಕೆಲಸವಾಗುವ ವಿಚಿತ್ರವೂ ನಡೆಯುತ್ತದೆ. ವಿಂಡೋಸ್‌ನಲ್ಲಿ ಕಂಟ್ರೋಲ್ ಪ್ಯಾನೆಲ್‌ನ 'ಟ್ಯಾಬ್ಲೆಟ್ ಪಿಸಿ ಸೆಟ್ಟಿಂಗ್ಸ್' ತೆರೆದು 'ಸೆಟಪ್' ಒತ್ತಿ, ಸೂಚನೆ ಕಾಣಿಸಿದ್ದು ಸ್ಪರ್ಶಪರದೆಯಲ್ಲಾದರೆ ಅದನ್ನು ಮುಟ್ಟಬೇಕು, ಇಲ್ಲವಾದರೆ ಎಂಟರ್ ಕೀಲಿ ಒತ್ತಿ ಮುಂದುವರಿಯಬೇಕು. ಅಷ್ಟಕ್ಕೇ ಸರಿಹೋಗುತ್ತದೆ. ಗುಂಡಿಗಳು ಬೆರಳಿಗಿಂತ ಕಿರಿದಾಗಿದ್ದರೆ ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ ಗಾತ್ರವನ್ನು ಶೇ. 125 ಅಥವಾ 150ಕ್ಕೆ ಏರಿಸಬಹುದು. ಮೌಸ್‌ನ ಬಲಗುಂಡಿಯ ಬದಲು ಬೆರಳನ್ನು ಒತ್ತಿ ಹಿಡಿದರಾಯಿತು.

ಕನ್ನಡ ಬಳಸುವವರಿಗೆ ಇಲ್ಲೊಂದು ಅನುಕೂಲವಿದೆ. ಪೇಟೆಯಲ್ಲಿ ಸಿಗುವ ಬಹುಪಾಲು ಕೀಲಿಮಣೆಗಳ ಮೇಲೆ ಇಂಗ್ಲಿಷ್ ಅಕ್ಷರಗಳಷ್ಟೇ ಇರುತ್ತವೆ. ಪರದೆಯ ಮೇಲಿನ ಕೀಲಿಮಣೆಗೆ ಕನ್ನಡವನ್ನು ಆರಿಸಿಕೊಂಡರೆ ಅಕ್ಷರಗಳು ಕನ್ನಡದಲ್ಲೇ ಮೂಡುವುದರಿಂದ ವಿನ್ಯಾಸವನ್ನು ಬಾಯಿಪಾಠ ಮಾಡಬೇಕಿಲ್ಲ. ಹೀಗೆ ಮೂಡುವುದು ಯೂನಿಕೋಡ್ ಅಕ್ಷರ. ನುಡಿಯ ಹಳೆಯ, ಯೂನಿಕೋಡ್ ಅಲ್ಲದ ಫಾಂಟ್‌ಗಳಲ್ಲಿ ಸಿದ್ಧಪಡಿಸಿದ ಕಡತಗಳನ್ನು ಪರಿವರ್ತಿಸದೆ ಅವುಗಳೊಳಗೆ ಇದನ್ನು ಬೆರೆಸಿದರೆ ಗೊಂದಲವಾದೀತು. ಪುಟಗಟ್ಟಲೆ ಬರೆಯುವವರಿಗಂತೂ ಸಾದಾ ಕೀಲಿಮಣೆಗೆ ಸಾಟಿಯಿಲ್ಲ.

ಹಾಗಾದರೆ ಯಾರಿಗೆ ಇದು ಬೇಕು? ಕೈ ನಡುಗಿ ಮೌಸ್ ಹಿಡಿಯಲಾರದ ಹಿರಿಯರಿಗೆ, ಇನ್ನೂ ಅಕ್ಷರ ಕಲಿಯದ ಮಕ್ಕಳಿಗೆ, ನಿಂತೇ ಬಿಲ್ ಹಾಕುವ ಅಂಗಡಿಯವರಿಗೆ, ಚಿತ್ರ ತಿದ್ದುವವರಿಗೆ. ದಿನವಿಡೀ ಲೆಕ್ಕದ ಹಾಳೆ ತುಂಬುವ ಗುಮಾಸ್ತರಿಗೆ ಖಂಡಿತ ಬೇಡ. ಆ ಹಣದಲ್ಲಿ ಒಳ್ಳೆಯ ಕುರ್ಚಿ ಕೊಳ್ಳುವುದು ಮೇಲು.

ಬೆರಳಿನ ಜಿಡ್ಡು ಪರದೆಯ ಮೇಲೆ ಉಳಿಯುವುದು ತಪ್ಪದು. ಮೆತ್ತನೆಯ ಬಟ್ಟೆಯನ್ನು ತುಸು ತೇವ ಮಾಡಿ ಒರೆಸಬೇಕು, ದ್ರವವನ್ನು ನೇರವಾಗಿ ಪರದೆಗೆ ಸಿಂಪಡಿಸಬಾರದು. ಒರೆಸುವ ಮುನ್ನ ಮಾನಿಟರನ್ನು ಆರಿಸಿ, ಯುಎಸ್‌ಬಿ ತಂತಿಯನ್ನೂ ಕಳಚುವುದು ಒಳ್ಳೆಯದು. ಇಲ್ಲವಾದರೆ ಬಟ್ಟೆ ಹರಿದಾಡಿದಲ್ಲೆಲ್ಲ ಕಡತಗಳು ತೆರೆದುಕೊಳ್ಳುತ್ತವೆ.