ಅಪ್ಪನನ್ನು ಅಜ್ಜನಾಗಿಸುವ ಪ್ರಶ್ನೆಗಳು

‘ಫೋನಿಗೆ ವೈರ್ ಯಾಕೆ ಕಟ್ಟಿದ್ರು, ಕಳ್ಳರು ಒಯ್ಯಬಾರದು ಅಂತಲಾ?’ ಮಕ್ಕಳ ಇಂಥ ಪ್ರಶ್ನೆಗೆ ಮನೆಯವರೆಲ್ಲ ನಗುತ್ತಾರೆ, ಅಪ್ಪನಿಗೆ ಮಾತ್ರ ತನಗೆ ವಯಸ್ಸಾಯಿತೆಂದು ಥಟ್ಟನೆ ಅನ್ನಿಸುತ್ತದೆ. ಬದಲಾಪುರದ ಕನ್ನಡ ಮನೆಗಳಲ್ಲಿ ಈ ನಗುವಿಗೆ ಸುಮಾರು ಐವತ್ತು ವರ್ಷಗಳ ಹಿನ್ನೆಲೆಯಿದೆ. ಮುಂಬಯಿಯ ಚಾಳುಗಳಲ್ಲಿ ಬೆಳೆದ ಅನೇಕರು ಮನೆಯ ಬೆಲೆ ಕೈಗೆಟುಕುತ್ತದೆಂದು ಕಲ್ಯಾಣ–ಕರ್ಜತ್ ಹಾದಿಯ ಈ ಊರಿಗೆ ಬಂದವರು. ಅವರ ಬಾಲ್ಯ ಚಾಳಿನದು, ಮಕ್ಕಳದು ಫ್ಲ್ಯಾಟಿನದು.

ಮುಂಬಯಿಯಲ್ಲಿ ದೂರದರ್ಶನ ಶುರುವಾದದ್ದು 1972ರ ಅಕ್ಟೋಬರ್ 2ರಂದು. ಬಣ್ಣ ಬಂದದ್ದು 1982ರಲ್ಲಿ. 1987ರಲ್ಲಿ ‘ರಾಮಾಯಣ’ ಧಾರಾವಾಹಿ ಆರಂಭವಾದಾಗ ಭಾನುವಾರ ಬೆಳಿಗ್ಗೆ ಟಿ.ವಿ. ಇದ್ದವರ ಮನೆಯ ನೆಲದ ಮೇಲೆ ಅಕ್ಕಪಕ್ಕದವರೆಲ್ಲ ಕೂರುತ್ತಿದ್ದರು. ಅದನ್ನು ಕೇಳಿದ ಮಗು, ‘ಪಾಝ್ ಮಾಡಿ ನೀರು ಕುಡಿದು ಬರಬಹುದಿತ್ತಲ್ಲ?’ ಅನ್ನುತ್ತದೆ. ನಿಲ್ಲಿಸಲಾಗದ ಕಾರ್ಯಕ್ರಮವೊಂದು ಇರಬಹುದೆಂಬುದೇ ಅದಕ್ಕೆ ಹೊಳೆಯದು.

ಫೋನಿನ ಕಥೆ ಇನ್ನೂ ದೊಡ್ಡದು. ಸ್ವಂತ ಫೋನ್ ಇಲ್ಲದವರು ಪಕ್ಕದ ಮನೆಯ ನಂಬರ್ ಕೊಟ್ಟು ಮುಂದೆ ‘ಪಿ.ಪಿ.’ ಎಂದು ಬರೆಯುತ್ತಿದ್ದರು. ಎಂಬತ್ತರ ದಶಕದ ಕೊನೆಗೆ ಎಸ್‌.ಟಿ.ಡಿ. ಬೂತುಗಳು ಹಬ್ಬಿದವು. ರಾತ್ರಿ ದರ ಇಳಿಯುವುದನ್ನೇ ಕಾದು ಊರಿಗೆ ಫೋನ್ ಮಾಡುವವರ ಸಾಲು ಬೂತಿನ ಮುಂದೆ ಬೆಳೆಯುತ್ತಿತ್ತು. ಒಳಗಿದ್ದವರ ಕಣ್ಣು ಮೀಟರಿನ ಕೆಂಪು ಅಂಕಿಗಳ ಮೇಲೆ, ‘ಎಲ್ಲ ಆರಾಮಾ? ಇಡ್ತೀನಿ’ ಎನ್ನುವಷ್ಟರಲ್ಲಿ ಮಾತು ಮುಗಿಯಬೇಕು. ಈಗ ಅಜ್ಜಿಯ ಮುಖ ನೋಡುತ್ತಲೇ ಮಾತಾಡುವ ಮಗು, ‘ಅಜ್ಜಿ ಜೊತೆ ಮಾತಾಡೋಕೆ ಅಂಗಡಿಗೆ ಹೋಗ್ತಿದ್ರಾ?’ ಎಂದು ಕೇಳಿದರೆ ಅದರಲ್ಲಿ ಕುಚೋದ್ಯವಿಲ್ಲ, ನಿಜವಾದ ಬೆರಗಿದೆ.

ಊರಿನ ಪ್ರಯಾಣವೂ ಹಾಗೆಯೇ. 1998ರಲ್ಲಿ ಕೊಂಕಣ ರೈಲು ಪೂರ್ತಿ ತೆರೆಯುವ ಮೊದಲು ಕರಾವಳಿಯವರು ಹಗಲು–ರಾತ್ರಿ ಬಸ್ಸಿನಲ್ಲಿ ಕೂತು ಊರು ಸೇರಬೇಕಿತ್ತು. ಲೋಕಲ್ ಹತ್ತುವಾಗ ಅಪ್ಪ ‘ವಿ.ಟಿ.’ ಎಂದರೆ ಮಗು ಬೋರ್ಡಿನಲ್ಲಿ ಆ ಹೆಸರು ಹುಡುಕುತ್ತದೆ. ವಿಕ್ಟೋರಿಯಾ ಟರ್ಮಿನಸ್‌ನ ಹೆಸರು ಬದಲಾದದ್ದು 1996ರಲ್ಲಿ. 2017ರಿಂದ ಅದು ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್.

ಹಿಂದಿನ ತಲೆಮಾರುಗಳಿಗೆ ತಮಗೆ ವಯಸ್ಸಾಯಿತೆಂಬ ಈ ಮುಜುಗರ ಇಷ್ಟು ಬೇಗ ಬರುತ್ತಿರಲಿಲ್ಲ. ಅಜ್ಜಿ ರುಬ್ಬಿದ ಒರಳಿನಲ್ಲೇ ಸೊಸೆಯೂ ರುಬ್ಬುತ್ತಿದ್ದಳು, ಮೊಮ್ಮಗಳು ಅದನ್ನು ಕಣ್ಣಾರೆ ಕಂಡಿದ್ದಳು. ಆದರೆ 1995ರಲ್ಲಿ ದೇಶಕ್ಕೆ ಬಂದ ಮೊಬೈಲ್ ಇಪ್ಪತ್ತು ವರ್ಷದೊಳಗೆ ಬೂತುಗಳನ್ನು ಮುಚ್ಚಿಸಿತು. 2011ರಲ್ಲಿ ನಾಲ್ಕಾಣೆಯ ಚಲಾವಣೆ ನಿಂತಿತು, 2013ರಲ್ಲಿ ತಂತಿ ಸೇವೆ. 2016ರಲ್ಲಿ ಅಗ್ಗದ ಡೇಟಾ ಬಂದ ಮೇಲೆ ಪ್ರಶ್ನೆ ಎದುರಿಸುವವರ ವಯಸ್ಸೂ ಇಳಿದಿದೆ: ಸಿ.ಡಿ. ಹಾಕಿ ಹಾಡು ಕೇಳಿದ ಕಾಲೇಜು ಹುಡುಗಿಯನ್ನು ಈಗ ಆರು ವರ್ಷದ ತಮ್ಮ, ‘ಅಕ್ಕಾ, ಈ ಕನ್ನಡಿಗೆ ತೂತು ಯಾಕೆ?’ ಎಂದು ಕೇಳುತ್ತಾನೆ.