ನಾದವಾದ ಚರ್ಮದ ದೋಣಿ

ತುಂಗಭದ್ರೆ ದಂಡೆಯವರಿಗೆ ಹರಿಗೋಲು ಹೊಸದಲ್ಲ. ಬಿದಿರಿನ ಬುಟ್ಟಿ, ಹೊರಗೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಡಾಂಬರು. ಮೊದಲು ಪ್ಲಾಸ್ಟಿಕ್ ಜಾಗದಲ್ಲಿ ಚರ್ಮವಿತ್ತು. ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ 500 ವರ್ಷದ ಹಿಂದೆಯೇ ಇದನ್ನು ಬರೆದಿಟ್ಟಿದ್ದಾನೆ. ಹೊಳೆ ದಾಟುವುದು ಸರಿ. ಚರ್ಮದ ದೋಣಿಯಲ್ಲಿ ಮಹಾಸಾಗರ ದಾಟಬಹುದೇ?

ಐರ್ಲೆಂಡಿನ ಹಳೆಯ ಕಥೆ ಹೌದು ಎನ್ನುತ್ತದೆ. ಆರನೇ ಶತಮಾನದ ಸಂತ ಬ್ರೆಂಡನ್ ಎತ್ತಿನ ಚರ್ಮ ಹೊದಿಸಿದ ದೋಣಿಯಲ್ಲಿ ಶಿಷ್ಯರೊಂದಿಗೆ ಪಶ್ಚಿಮಕ್ಕೆ ಹೋಗಿ ದೂರದ ನೆಲವೊಂದನ್ನು ಕಂಡನಂತೆ. ದಾರಿಯಲ್ಲಿ ಸಮುದ್ರದ ನಡುವೆ ಹರಳಿನ ಕಂಬ, ಬೆಂಕಿಯುಂಡೆ ಎಸೆಯುವ ದ್ವೀಪ. ಬಹಳ ಜನ ಇದನ್ನು ಕಟ್ಟುಕಥೆ ಎಂದು ಬದಿಗಿಟ್ಟರು.

ಟಿಮ್ ಸೆವೆರಿನ್ ಬದಿಗಿಡಲಿಲ್ಲ. 36 ಅಡಿಯ ದೋಣಿ ಕಟ್ಟಿಸಿದರು. ಮರದ ಚೌಕಟ್ಟಿಗೆ ಮೊಳೆ ಹೊಡೆಯದೆ ಚರ್ಮದ ಪಟ್ಟಿಯಲ್ಲೇ ಬಿಗಿದರು. 49 ಎತ್ತಿನ ಚರ್ಮಗಳನ್ನು ನಾರಿನ ದಾರದಲ್ಲಿ ಹೊಲಿದು ಹೊದಿಸಿದರು. ನಮ್ಮಲ್ಲಿ ತಂಗಡಿ ತೊಗಟೆಯಲ್ಲಿ ಚರ್ಮ ಹದ ಮಾಡುತ್ತಿದ್ದರಲ್ಲ, ಹಾಗೆ ಅಲ್ಲಿ ಓಕ್ ಮರದ ತೊಗಟೆ. ನೀರು ಇಳಿಯದಂತೆ ಉಣ್ಣೆಯ ಜಿಡ್ಡು ಬಳಿದರು.

1976ರ ಮೇ 17ರಂದು ಐರ್ಲೆಂಡಿನಿಂದ ಹೊರಟ ದೋಣಿ ಫೆರೋ ದ್ವೀಪಗಳ ಮೂಲಕ ಐಸ್‌ಲ್ಯಾಂಡ್ ಮುಟ್ಟಿತು. ಚಳಿಗಾಲ ಅಲ್ಲೇ ಕಳೆದು ಮುಂದಿನ ವರ್ಷ ಮತ್ತೆ ಹೊರಟಿತು. ದಾರಿಯಲ್ಲಿ ಮಂಜುಗಡ್ಡೆ ತಾಗಿ ಚರ್ಮ ಹರಿಯಿತು. ಕೊರೆಯುವ ನೀರಿಗೆ ಕೈಯಿಟ್ಟು ತೇಪೆ ಹೊಲಿದರು. 1977ರ ಜೂನ್ 26ರಂದು ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಸೇರಿದರು. ಬ್ರೆಂಡನ್ ಹೋಗಿದ್ದ ಎಂಬುದಕ್ಕೆ ಇದು ಸಾಕ್ಷಿಯಲ್ಲ. ಹೋಗಲು ಸಾಧ್ಯವಿತ್ತು ಎಂಬುದಕ್ಕೆ ಸಾಕ್ಷಿ.

ಸೆವೆರಿನ್ ಬರೆದ ಪುಸ್ತಕ ಓದಿ ಸಂಗೀತಗಾರ ಶಾನ್ ಡೇವಿ 1980ರಲ್ಲಿ ‘ದಿ ಬ್ರೆಂಡನ್ ವಾಯೇಜ್’ ಆಲ್ಬಂ ತಂದರು. ಇಡೀ ಆಲ್ಬಂನಲ್ಲಿ ಒಂದೇ ಕಥೆ ಹೇಳುವುದನ್ನು ಆಗಿನ ರಾಕ್ ಸಂಗೀತಗಾರರು ರೂಢಿ ಮಾಡಿದ್ದರು. 1974ರಲ್ಲಿ ರಿಕ್ ವೇಕ್‌ಮನ್ ಭೂಗರ್ಭ ಯಾತ್ರೆಯ ಕಾದಂಬರಿಯನ್ನು ರಾಕ್ ವಾದ್ಯ, ಆರ್ಕೆಸ್ಟ್ರಾ ಸೇರಿಸಿ ನುಡಿಸಿದಾಗ, ನಡುನಡುವೆ ಕಥೆ ಹೇಳಲು ಒಬ್ಬ ನಿರೂಪಕನಿದ್ದ. ಡೇವಿಯ ಆಲ್ಬಂ ರಾಕ್ ಅಲ್ಲ, ಅದರಲ್ಲಿ ನಿರೂಪಕನೂ ಇಲ್ಲ. ಕಥೆ ಹೇಳುವುದು ವಾದ್ಯವೇ. ಕಮ್ಮಾರನ ತಿದಿಯಂತೆ ಮೊಳಕೈಯಲ್ಲಿ ಗಾಳಿ ಒತ್ತಿ ನುಡಿಸುವ ಐರಿಶ್ ಪೈಪ್ ಅದು. ನುಡಿಸಿದವರು ಲಿಯಾಮ್ ಓ'ಫ್ಲಿನ್. ಪೈಪ್ ಎಂದರೆ ದೋಣಿ, ಸುತ್ತಲಿನ ಆರ್ಕೆಸ್ಟ್ರಾ ಎಂದರೆ ಕಡಲು. ಬಿರುಗಾಳಿಯ ಭಾಗದಲ್ಲಿ ಕಡಲು ಉಕ್ಕಿ ಬರುತ್ತದೆ, ಒಂಟಿ ಪೈಪ್ ಮುಳುಗದೆ ಏಳುತ್ತದೆ. ಭಾಷೆ ಬೇಕಿಲ್ಲ, ಅರ್ಥವಾಗುತ್ತದೆ.

ನಮಗೆ ಇದರಲ್ಲಿ ಮುಖ್ಯ ಕಂಡದ್ದು ಇಷ್ಟು. ಆ ದೋಣಿಯನ್ನು ತೇಲಿಸಿದ್ದು ಚರ್ಮ ಹದ ಮಾಡುವವರ, ಕುದುರೆ ಜೀನು ಹೊಲಿಯುವವರ ಕೈಕೆಲಸ. ಅದು ಅಲ್ಲಿ ಇನ್ನೂ ಉಳಿದಿತ್ತು, ಅದಕ್ಕೇ ಹಳೆಯ ಕಥೆಯನ್ನು ಪರೀಕ್ಷಿಸಲು ಆಯಿತು. ನಮ್ಮಲ್ಲಿ ಚರ್ಮದ ಹರಿಗೋಲು ಕಟ್ಟಿದವರನ್ನು, ಕಪಿಲೆಗೆ ಚರ್ಮ ಹೊಲಿದವರನ್ನು ಊರಾಚೆ ಇಟ್ಟೆವು. ಅವರ ವಿದ್ಯೆಯನ್ನು ವಿದ್ಯೆ ಎಂದೇ ಎಣಿಸಲಿಲ್ಲ. ನಿಮ್ಮೂರಿನಲ್ಲಿ ಅದನ್ನು ಬಲ್ಲ ಹಿರಿಯರು ಇದ್ದರೆ ಹೋಗಿ ಕೇಳಿ. ಅವರು ಒಪ್ಪಿದರೆ ಕೈಯಲ್ಲಿರುವ ಫೋನಿನಲ್ಲೇ ಅವರ ಮಾತು ರೆಕಾರ್ಡ್ ಮಾಡಿಡಿ.